ಭಾವನ ಎದುರಿಗೆ ಆಡದ ಮಾತು

"ಯಾಕೆ ತೆಗೆಸ್ದೆ? ಹೇಳ್ಬುಟ್ಟು ಹೋಗು!"

ಟಿಫನ್ ಕ್ಯಾರಿಯರ್ ಇಡಲು ಬಗ್ಗಿದ್ದ ನೇತ್ರಾವತಿ ಬೆಚ್ಚಿಬಿದ್ದಳು. ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದಾಗಿನಿಂದ ಗಂಡ ರೇಣುಕಾಪ್ರಸಾದ್ ಗುಬ್ಬಿಯ ತನ್ನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲೇ ಮಲಗುತ್ತಿದ್ದ. ಅವಳೊಡನೆ ಮಾತೇ ಇರಲಿಲ್ಲ. ಇವತ್ತು ಆಡಿದ್ದು ಈ ಮಾತು!

"ಬೆಳಗ್ಗೆ ತುಮಕೂರಲ್ಲಿ ಡಾಕ್ಟ್ರು ಹೇಳಿದ್ರು. ಬಲಗಡೆ ನರ ಉಳಿಸ್ಬೋದಿತ್ತಂತೆ. 'ನಿಮ್ಮ ಮನೆಯವ್ರೇ ಬೇಡ ಅಂದ್ರು' ಅಂತ ಹೇಳಿದ್ರು. ವೈರ್ ಸುಟ್ರೆ ನಾನು ಸುತ್ತಿ ಕೊಡ್ತೀನಿ. ಇದನ್ನ ಯಾರೇ ಸುತ್ತಿ ಕೊಡ್ತಾರೆ? ಇವ್ನು ಉಸಿರಾಡ್ತಾ ಬಿದ್ದಿದ್ರೆ ಸಾಕು ಅಂತ ತಾನೆ?"

ಅಯ್ಯೋ ಶಿವನೇ... ಹೇಗೆ ಹೇಳಲಿ?

ಅವತ್ತು ಆಪರೇಷನ್ ನಡುವೆ ಡಾಕ್ಟರು ಹೊರಗೆ ಬಂದು ಅವಳನ್ನೇ ಕೇಳಿದ್ದರು. "ಎಡಗಡೆ ನರ ತೆಗೀಲೇಬೇಕು. ಬಲಗಡೆದು ಉಳಿಸಿದ್ರೆ ಗಂಡ ಹೆಂಡ್ತಿ ಸಂಬಂಧಕ್ಕೆ ಒಳ್ಳೇದಮ್ಮ. ರೋಗ ಉಳಿಯೋ ಭಯ ಸ್ವಲ್ಪವೇ. ಉಳಿಸ್ಲಾ?"

ಪಕ್ಕದಲ್ಲಿ ಕುಣಿಗಲ್‌ನಿಂದ ಬಂದಿದ್ದ ಗಂಡನ ಅಣ್ಣ, ಭಾವ ಗಂಗಣ್ಣ! ಅವರೆದುರು ಕುರ್ಚಿಯಲ್ಲೂ ಕೂರದವಳು ಆ ಮಾತನ್ನು ಹೇಗೆ ಆಡಿಯಾಳು? ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು.

"ಮಗಳ ಮದ್ವೆ ಮಾಡೋ ವಯಸ್ಸು. ಇನ್ನೇನ್ ಬುಡಿ ಸಾರ್, ಪೂರ್ತಿ ತೆಗೀರಿ," ಎಂದರು ಭಾವ.

ಮೌನವೇ ಸಮ್ಮತಿಯಂತೆ! ಆ ಗಾದೆ ಕಟ್ಟಿದವರ ಬಾಯಿಗೆ ಮಣ್ಣು ಹಾಕ. ಇವಳ ನಾಚಿಕೆಗೆ ಗಂಡ ದಂಡ ತೆತ್ತಿದ್ದ.

"ನಾನು ಬೇಡ ಅನ್ಲಿಲ್ಲ ರೀ... ಉಳಿಸಿ ಅಂತಾನೂ ಅನ್ಲಿಲ್ಲ. ಭಾವ ನಿಂತಿದ್ರು. ನಾಚ್ಕೆ ಆಯ್ತು."

"ನಿಂಗೆ... ಬೇಕಿತ್ತಾ?" ಅವನ ದನಿ ಸಣ್ಣದಾಯಿತು.

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಎಂದೂ ಬಾಯಿಬಿಟ್ಟು ಹೇಳದ ಮಾತು ಅದು.

"ಬೇಕಿತ್ತು ರೀ! ನಿಮ್ಮ ಮೇಲೆ ನಂಗೆ ಆಸೆ ಇತ್ತು. ಈಗ್ಲೂ ಇದೆ..."

ರೇಣುಕಾಪ್ರಸಾದ್ ನಗಲು ಹೋದ. ಅಳು ಬಂತು. "ಈ ಮಾತು ಅವತ್ತು ಆಡ್ಬಾರ್ದಿತ್ತೇನೇ?"

ಅವಳು ವಾರ್ನಿಷ್ ಹತ್ತಿದ ಅವನ ಕೈ ಹಿಡಿದುಕೊಂಡಳು.

"ಮನೆಗೆ ಬನ್ನಿ."

"ಬಂದು ಏನ್ ಮಾಡ್ಲಿ? ನನ್ನಿಂದ ಇನ್ನು ಏನೂ ಆಗಲ್ಲ ಕಣೇ."

"ಪಕ್ಕದಲ್ಲಿ ಮಲ್ಕೊಳಿ. ನಾನಾಗೇ ಕೇಳ್ತಿದೀನಿ."

"ನಿನ್ನ ಕ್ಷಮಿಸೋಕೆ ಆಗ್ತಿಲ್ಲ, ನೇತ್ರಾ..."

"ಕ್ಷಮಿಸ್ಬೇಡಿ. ಬೈಕೊಂಡೇ ಮಲ್ಕೊಳಿ. ಆದ್ರೆ ನನ್ನ ಪಕ್ಕ ಮಲ್ಕೊಳಿ!"

ಅವನು ಅಂಗಡಿಯ ಷಟರ್ ಎಳೆಯಲು ಎದ್ದ.

"ನಡಿ," ಎಂದ.