ಸ್ಟಿಯರಿಂಗ್ ಕೊಳವೆಯ ತಗಡು

"ಅದನ್ನ ಬರಿಗೈಲಿ ಮುಟ್ಬೇಡಿ. ಇದ್ದ ಹಾಗೇ ಒಳಗೆ ಹಾಕಿ ಮುಚ್ಬಿಡಿ," ಎಂದ ಗ್ಯಾರೇಜಿನಲ್ಲಿ ಲೇತ್ ಯಂತ್ರ ನಡೆಸುವ ಮುದುಕ, ಎರಡು ಹೆಜ್ಜೆ ಹಿಂದೆ ಸರಿದು.

ಸರ್ಟಿಫಿಕೇಟು ನಕ್ಕ. ಗೋಡೆ ತುಂಬ ತನ್ನ ಪ್ರಮಾಣಪತ್ರಗಳನ್ನು ತೂಗುಹಾಕಿದ್ದಕ್ಕೆ ಗ್ಯಾರೇಜಿನವರು ಅವನಿಗಿಟ್ಟ ಅಡ್ಡಹೆಸರು ಅದು. ಬಂದು ಮೂರು ತಿಂಗಳಾಗಿತ್ತು. ಅವನಿಂದ ಬೈಸಿಕೊಳ್ಳದ ಸ್ಪ್ಯಾನರೂ ಅಲ್ಲಿ ಉಳಿದಿರಲಿಲ್ಲ. ಅರವತ್ತು ವರ್ಷದ ಹಳೇ ಕಾರನ್ನು ಹೊಸದರಂತೆ ಮಾಡಲು ಅವನು ಸ್ಟಿಯರಿಂಗ್ ಬಿಚ್ಚಿದ್ದ. ಅದರ ಕೊಳವೆಯೊಳಗಿಂದ ಜಾರಿ ಬಿದ್ದದ್ದು ಕೂದಲು ಸುತ್ತಿ ಅರಗು ಮೆತ್ತಿದ ತಾಮ್ರದ ತಗಡು. ಹಳೇ ಗ್ರೀಸಿನ ಕಮಟನ್ನೂ ಮೀರಿ ಅದರಿಂದ ಇಲಿ ಸತ್ತಂಥ ನಾತ ಏಳುತ್ತಿತ್ತು.

ಮುದುಕ ತನಗೆ ತಿಳಿದದ್ದನ್ನು ಹೇಳಿದ. ಕಾರಿನ ಮೊದಲ ಯಜಮಾನನಿಗೆ ಅವನ ದಾಯಾದಿಗಳು ಮಾಡಿಸಿದ ಮಾಟ ಅದು. ತಗಡಿನ ಮೇಲೆ ಯಾರ ಹೆಸರಿದೆಯೋ ಅವರ ಕೈ ಅವರ ಮಾತು ಕೇಳುವುದಿಲ್ಲ. ಜೀವಕ್ಕೆ ಜೀವವಾದವರನ್ನೇ ಹುಡುಕಿ ಕೊಲ್ಲುತ್ತದೆ. ಆ ಯಜಮಾನ ಹಾಡಹಗಲೇ, ತನ್ನ ಮನೆಯ ಮುಂದೆಯೇ, ಹೆತ್ತ ಮಗಳ ಮೇಲೆ ಕಾರು ಹತ್ತಿಸಿದ್ದ.

"ಸ್ಟಿಯರಿಂಗ್ ಇಷ್ಟು ಲೂಸ್ ಇಟ್ಕೊಂಡು ಓಡಿಸಿದ್ರೆ ಮಗಳೇನು, ಗೋಡೆನೂ ಹತ್ತುತ್ತೆ," ಎಂದ ಸರ್ಟಿಫಿಕೇಟು.

ಅತಿ ಬುದ್ಧಿವಂತರ ಹಣೆಬರಹವೇ ಇಷ್ಟು. ಹೆದರಿಕೆಯಾಯಿತೆಂದು ಒಪ್ಪಿಕೊಂಡರೆ ಎಲ್ಲಿ ಪ್ರಮಾಣಪತ್ರದ ಶಾಯಿ ಅಳಿಸಿಹೋಗುತ್ತದೋ ಎಂಬ ಒದ್ದಾಟ. ಅವನು ಕೂದಲನ್ನು ಲೈಟರಿನಿಂದ ಸುಟ್ಟ. ಅರಗು ಕೆರೆದ. ಹಳೆಯ ಅಕ್ಷರಗಳು ಮಾಯವಾಗುವ ತನಕ ತಗಡನ್ನು ಮರಳುಕಾಗದದಲ್ಲಿ ತಿಕ್ಕಿದ. ಸ್ಟಿಯರಿಂಗ್ ಪೆಟ್ಟಿಗೆಯ ಸಡಿಲ ಹೋಗಲಾಡಿಸಲು ಮುಚ್ಚಳದಡಿ ಶಿಮ್ ಎಂಬ ತೆಳು ಪಟ್ಟಿ ಕೊಡಬೇಕಿತ್ತು. ಅಳೆದು ನೋಡಿದರೆ ತಗಡಿನ ದಪ್ಪ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಕತ್ತರಿಸಿದ. ತಾನು ಸರಿಮಾಡಿದ ಪ್ರತಿ ಭಾಗದ ಮೇಲೂ ತನ್ನ ಹೆಸರನ್ನು ಅಚ್ಚೊತ್ತುವುದು ಅವನ ಚಟ. ಇದರ ಮೇಲೂ ಒತ್ತಿದ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಸುತ್ತಿಗೆಯ ಸದ್ದು ನಿಲ್ಲುವ ಮೊದಲೇ ಮುದುಕ ಬುತ್ತಿ ಎತ್ತಿಕೊಂಡು ಹೊರಟುಹೋದ.

ಲೋಕದಲ್ಲಿ ಸರ್ಟಿಫಿಕೇಟು ಹೀಗಳೆಯದೆ ಬಿಟ್ಟ ಜೀವ ಒಂದೇ, ಅವನ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಮದುವೆಯನ್ನೂ ಬೇಡವೆಂದು ಅವನನ್ನು ಸಾಕಿದವಳು. ಮೊದಲ ಸವಾರಿ ಅವಳಿಗೇ ಎಂದು, ಮರುದಿನ ಮಧ್ಯಾಹ್ನ ಕಾರನ್ನು ಮನೆಯತ್ತ ಓಡಿಸಿದ. ಸ್ಟಿಯರಿಂಗ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತಿರುಗುತ್ತಿತ್ತು. ಅಕ್ಕ ಗೇಟಿನ ಪಕ್ಕ ನಿಂತು ನಗುತ್ತಿದ್ದಳು.

ಅವನ ಕೈ ತಿರುಗಿತು. ಅವಳ ಕಡೆಗೆ. ಇನ್ನೊಂದು ಕಡೆಗೆ ಎಳೆಯಲು ನೋಡಿದ. ಆಗಲಿಲ್ಲ. ಸ್ಟಿಯರಿಂಗ್ ಸರಿಯಾಗೇ ಇತ್ತು. ಕೈಗಳು ಅವನವಾಗಿರಲಿಲ್ಲ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಎರಡೂ ಕಾಲನ್ನು ಬ್ರೇಕಿನ ಮೇಲೆ ಒಗೆದ. ಟಯರು ಚೀರಿತು. ಅವಳ ಮೊಣಕಾಲಿಗೆ ಗೇಣು ದೂರದಲ್ಲಿ ಕಾರು ನಿಂತಿತು.

ಗೆದ್ದೆ ಎಂದುಕೊಂಡ, ಮೂರ್ಖ. ಮಾಟವಿರುವುದು ಕಾರಿಗೆ ಎಂದೇ ಆಗಲೂ ಅವನ ಎಣಿಕೆ.

ಅಕ್ಕ ಬಾಗಿಲು ತೆರೆದು ಒಳಗೆ ಬಗ್ಗಿದಳು. ಅವನ ಕೈಗಳು ಸ್ಟಿಯರಿಂಗ್ ಬಿಟ್ಟು ಮೆಲ್ಲಗೆ ಮೇಲೆದ್ದವು.

"ಓಡು ಅಕ್ಕ. ನನ್ನ ಹತ್ರ ಬರ್ಬೇಡ."

"ಹೆದರ್ಕೊಂಡಿದ್ದೀಯ, ಅಷ್ಟೇ ಕಣೋ," ಎಂದಳು. ಚಿಕ್ಕಂದಿನಲ್ಲಿ ಅವನಿಗೆ ಜ್ವರ ಬಂದಾಗ ಮಾಡುತ್ತಿದ್ದಂತೆ, ಆ ಎರಡೂ ಕೈಗಳನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

ಕೈಗಳು ಕೆನ್ನೆಯಿಂದ ಕುತ್ತಿಗೆಗೆ ಜಾರಿದವು. ಅವನು ಕಿರುಚಿದ. ತನ್ನ ಮಣಿಕಟ್ಟನ್ನು ತಾನೇ ಕಚ್ಚಿದ. ಮೂಳೆ ಹಲ್ಲಿಗೆ ಸಿಗುವವರೆಗೂ ಕಚ್ಚಿದ. ಹಿಡಿತ ಬಿಗಿಯಾಗುತ್ತಲೇ ಹೋಯಿತು.