ಅಲುಗಿಸಬಾರದ ಟ್ಯೂಬು

"ನೀವು ಮತ್ತೆ ಟ್ಯೂಬ್ ಎತ್ತಿದ್ರಿ."

ಸಿಕ್ಕಿಬಿದ್ದ ಕಳ್ಳನ ಹಾಗೆ ಅವನು ನಿಂತ. ಕೈಯಲ್ಲಿ ತೆಳ್ಳನೆಯ ಗಾಜಿನ ಟ್ಯೂಬು, ಒಳಗೆ ಅವಳ ಕೆಂಪು ದ್ರಾವಣ.

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಸುರುಳಿ ಎಂದೇ ಕರೆಯುತ್ತಿದ್ದರು. ಕೆಲಸವೂ ಅದೇ. ಎರಡು ಉದ್ದನೆಯ ಅಣುಗಳು ಜಡೆಯ ಹಾಗೆ ಒಂದನ್ನೊಂದು ಸುತ್ತಿಕೊಳ್ಳಬೇಕು, ಒಳಗೆ ತಾಮ್ರದ ಅಯಾನುಗಳು ಸಾಲಾಗಿ ಕೂರಬೇಕು. ಕೂತಿವೆಯೋ ಇಲ್ಲವೋ ಎಂದು ಹೇಳಬಲ್ಲವನು ಕೆಳಮಹಡಿಯ ಎಕ್ಸ್-ರೇ ಯಂತ್ರದವನು, ಅಂದರೆ ಇವನೇ. ಅದಕ್ಕೆ ಮೊದಲು ಹರಳು ಬೇಕು, ಹರಳು ಬೆಳೆಯಲು ಟ್ಯೂಬು ಅಲುಗಬಾರದು. ಇವನೋ, ದಿನಾ ಮಧ್ಯಾಹ್ನ ಬಂದು ಅದನ್ನೆತ್ತಿ ಬೆಳಕಿಗೆ ಹಿಡಿಯುತ್ತಿದ್ದ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋಕೆ ಬಂದ್ಬಿಡ್ತೀರಲ್ಲ," ಎಂದಳು. "ಹರಳು ಬರೋ ತನಕ ಈ ಕಡೆ ತಲೆ ಹಾಕ್ಬೇಡಿ."

ಅವನು ಟ್ಯೂಬನ್ನು ಮೆಲ್ಲಗೆ ಇಟ್ಟು ಹೋದ. ಮತ್ತೆ ತಲೆ ಹಾಕಲೇ ಇಲ್ಲ.

ಹೇಳಿದ ಮಾತು ಕೇಳುವ ಗಂಡಸಿನ ಮೇಲೆ ಅವಳಿಗೆ ಮೊದಲ ಬಾರಿ ಸಿಟ್ಟು ಬಂತು. ಮಧ್ಯಾಹ್ನವಾದರೆ ಕಿವಿ ಬಾಗಿಲ ಕಡೆಗೇ.

"ಯಾಕೆ ಮುಖ ಊದಿಸ್ಕೊಂಡಿದ್ದೀಯ?" ಮನೆಯಲ್ಲಿ ಅಕ್ಕ ಕೇಳಿದಳು.

"ಹರಳು ಬಂದಿಲ್ಲ."

"ಹರಳೋ, ಹರಳು ನೋಡೋಕೆ ಬರ್ತಿದ್ದೋನೋ?"

ಅವನು ಬರುತ್ತಿದ್ದದ್ದು ಹರಳಿಗೋ, ತನಗೋ? ಹರಳಿಗೇ ಆಗಿದ್ದರೆ ತನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ ಎಂದುಕೊಂಡಳು.

ಸೋಮವಾರ ನೋಡಿದರೆ ಟ್ಯೂಬಿನ ತಳದಲ್ಲಿ ಹರಳುಗಳು ದಾಳಿಂಬೆ ಕಾಳಿನ ಹಾಗೆ ಹೊಳೆಯುತ್ತಿದ್ದವು. ಅವಳು ಟ್ಯೂಬು ಹಿಡಿದು ಮೆಟ್ಟಿಲಿಳಿದು ಓಡಿದಳು. ತಾನೇ ಅಲುಗಿಸುತ್ತಿದ್ದೇನೆಂದು ಅರ್ಧದಲ್ಲಿ ನೆನಪಾಗಿ, ಉಳಿದ ಮೆಟ್ಟಿಲುಗಳನ್ನು ಬಸುರಿಯ ಹಾಗೆ ಇಳಿದಳು.

ಯಂತ್ರ ಹರಳನ್ನು ತಿರುಗಿಸಿ ತಿರುಗಿಸಿ ನೋಡಿತು. ಸಂಜೆಗೆ ಪರದೆಯ ಮೇಲೆ ಚಿತ್ರ ಮೂಡಿತು. ಹೆಣೆದುಕೊಂಡ ಎರಡು ಎಳೆ, ಒಳಗೆ ಮೂರು ತಾಮ್ರ, ಒಂದರ ಹಿಂದೆ ಒಂದು. ಖುಷಿಗೆ ಅವಳ ಕಣ್ಣು ತುಂಬಿತು.

ಅವನು ಪರದೆ ನೋಡುತ್ತಿರಲಿಲ್ಲ.

"ಅಲುಗಿದ್ರೆ ಹರಳು ಕೆಡುತ್ತೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು," ಎಂದಳು. "ಆದ್ರೂ ಯಾಕೆ ಎತ್ತುತ್ತಿದ್ರಿ?"

ಅವನ ಕಿವಿ ಕೆಂಪಾಯಿತು. "ನೀವು ಕೂರೋದು ಕಿಟಕಿ ಹತ್ರ ಅಲ್ವಾ? ಬೆಳಕಿಗೆ ಹಿಡಿದ್ರೆ, ಟ್ಯೂಬ್ ನೋಡೋ ಹಾಗೆ ನಟಿಸ್ತಾ ನಿಮ್ಮನ್ನೇ ನೋಡಬಹುದಿತ್ತು. ಈಗ ಹರಳು ಬಂತು. ಇನ್ನು ಬರೋಕೆ ನೆಪ ಇಲ್ಲ."

ಅಷ್ಟು ದಿನದ ಕೆಲಸ ಕೆಡಿಸಿದವನ ಮೇಲೆ ಸಿಟ್ಟು ಬರಬೇಕಿತ್ತು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಮೇಜಿನ ಮೇಲೆ, ಅವನ ಕೈಯ ಪಕ್ಕ, ತನ್ನ ಕೈ ಇಟ್ಟಳು.

"ಮುಟ್ಟದೆ ಬಿಟ್ರೆ ಬೆಳೆಯೋದು ಹರಳು," ಎಂದಳು. "ನಾನಲ್ಲ."

ಅವನು ಆ ಕೈಯನ್ನು ಟ್ಯೂಬಿಗಿಂತ ಮೆಲ್ಲಗೆ ಎತ್ತಿಕೊಂಡ.