ಬಲ ಎದೆಯ ಸೀಳು

೧೯೪೩ರ ನವೆಂಬರ್ ೧೮, ಗುರುವಾರ. ಬೆಳಿಗ್ಗೆ ೮ ಗಂಟೆ ೪೦ ನಿಮಿಷಕ್ಕೆ ಶಾಂಘೈನ ಹಾಂಗ್ಕ್ಯೂ ನಿರಾಶ್ರಿತರ ವಲಯದ ಚೌಕಿಗೆ ದೂರೊಂದು ಬಂತು. ದೂರುದಾರ ಲಿಯೋಪೋಲ್ಡ್ ವಿಂಟರ್‌ನಿಟ್ಸ್, ಉರುಫ್ ಪೋಲ್ಡಿ. ವಯಸ್ಸು ೪೭, ಊರು ವಿಯೆನ್ನಾ, ವೃತ್ತಿ ಹಾಸ್ಯನಟ. ಆರಡಿ ಎರಡಂಗುಲದ ಆಳು, ಚೌಕಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ.

"ನನ್ನ ಟೈಲ್‌ಕೋಟನ್ನ, ಆಟಕ್ಕೆ ಹಾಕೋ ಬಾಲದ ಕೋಟನ್ನ, ಯಾರೋ ಹರಿದುಹಾಕಿದ್ದಾರೆ, ಇನ್ಸ್‌ಪೆಕ್ಟ್ರೇ. ಇಡೀ ವಲಯದಲ್ಲಿ ಇದ್ದದ್ದು ಅದೊಂದೇ."

ಇನ್ಸ್‌ಪೆಕ್ಟರ್ ಎಗೋನ್ ಟೌಸಿಗ್ ಪೆನ್ನು ತೆರೆದ. ಯೆಹೂದಿ ನಿರಾಶ್ರಿತರನ್ನು ಕಾಯಲು ಜಪಾನಿಯರು ಯೆಹೂದಿ ನಿರಾಶ್ರಿತರನ್ನೇ ನೇಮಿಸಿದ್ದರು. ತೋಳಿಗೊಂದು ಪಟ್ಟಿ, ಕೈಗೊಂದು ಕೋಲು. ಟೌಸಿಗ್ ಅದಕ್ಕೆ ಮೊದಲು ಪೊಲೀಸನಾಗಿರಲಿಲ್ಲ. ವಿಯೆನ್ನಾದ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಹದಿನಾರು ವರ್ಷ ಗಿರಾಕಿಗಳ ಕೈಮೇಲೆ ಕಣ್ಣಿಟ್ಟು ನಿಂತವನು.

"ಯಾವಾಗ ನೋಡಿದ್ರಿ?"

"ಈಗ, ಎಂಟು ಗಂಟೆಗೆ. ನಾಳೆ ಸಂಜೆ ಫ್ರೆಂಚರ ಕಡೆ ರಷ್ಯನ್ ಹೋಟೆಲಿನಲ್ಲಿ ನನ್ನ ಮೊದಲ ಆಟ. ಟೈಲ್‌ಕೋಟಿಲ್ಲದೆ ಬರಬೇಡ ಅಂದಿದ್ದಾನೆ ಮಾಲೀಕ. ನಾಳೆ ನಾನು ಹೋಗದಿದ್ರೆ ಕೆಲಸ ಇಲ್ಲ. ಕೆಲಸ ಇಲ್ಲದಿದ್ರೆ ಇದೂ ಇಲ್ಲ."

ಪೋಲ್ಡಿ ಎದೆಯ ಮೇಲಿದ್ದ ನೀಲಿ ಬಿಲ್ಲೆಯನ್ನು ಮುಟ್ಟಿ ತೋರಿಸಿದ. ವಲಯದ ಗಡಿ ದಾಟಿ ಹೊರಗೆ ಹೋಗಲು ಇರುವ ಅನುಮತಿ ಅದು. ಟೌಸಿಗ್ ಮೂರು ಸಲ ಅರ್ಜಿ ಹಾಕಿದ್ದ, ಮೂರು ಸಲವೂ ಬೈಗುಳ ತಿಂದು ವಾಪಸು ಬಂದಿದ್ದ. ಬಿಲ್ಲೆ ಇದ್ದವನ ಕೋಟು ಹರಿಯಿತು ಎಂದು ಕೇಳಿದಾಗ ಅವನ ಮನಸ್ಸಿನಲ್ಲಿ ಮೊದಲು ಮೂಡಿದ್ದು ಸಂತೋಷ. ಅದು ತನಗೇ ಗೊತ್ತಾಗಿ ಅವನು ಬೇಗಬೇಗ ಬರೆಯತೊಡಗಿದ.

"ಒಂದು ಕಾಗದ ಕೊಡಿ. ಕೋಟು ಪೊಲೀಸರ ಹತ್ರ ಇದೆ, ಅಂತ. ಸೋಮವಾರದವರೆಗೆ ಗಡುವು ಕೇಳ್ತೀನಿ," ಅಂದ ಪೋಲ್ಡಿ.

"ಹರಿದವನು ಸಿಕ್ಕಿದ್ದಾನೆ ಅಂತ ಬರೆಯದಿದ್ರೆ ಬಿಲ್ಲೆ ಕೊಡೋ ಪಾಸ್ ಆಫೀಸಿನವನು ನಂಬೋದಿಲ್ಲ. ನೀವೇ ಹರಿದುಕೊಂಡ್ರಿ ಅಂತಾನೆ. ನಾಳೆ ಮಧ್ಯಾಹ್ನದೊಳಗೆ ಹಿಡೀಬೇಕು. ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಬಿಲ್ಲೆ ಬಂದ ಮೇಲೆ ನನ್ನ ಜೊತೆ ಚೆನ್ನಾಗಿ ಮಾತಾಡ್ತಿರೋದು ನಾಯಿಗಳು ಮಾತ್ರ. ಹೆಸರು ಬರೀಬೇಕು ಅಂದ್ರೆ ಛತ್ರದ ಹಾಜರಿ ಪುಸ್ತಕ ತಂದುಕೊಡ್ತೀನಿ."

ಎಫ್‌ಐಆರ್ ಸಂಖ್ಯೆ ೩೧/೪೩ ದಾಖಲಾಯಿತು.

೯ ಗಂಟೆ ೧೫ಕ್ಕೆ ಟೌಸಿಗ್ ಮತ್ತು ಕಾನ್‌ಸ್ಟೇಬಲ್ ಪಿಂಚೋವರ್ ನಿರಾಶ್ರಿತರ ಛತ್ರಕ್ಕೆ ಹೋದರು. ಪಿಂಚೋವರ್ ಜರ್ಮನಿಯ ಬ್ರೆಸ್ಲಾವಿನಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದವನು, ಅಕ್ಷರ ಮುತ್ತಿನಂತಿದ್ದುದರಿಂದ ಪಂಚನಾಮೆಯ ಕೆಲಸ ಅವನದು. ಊಟದ ಹಾಲಿನ ತುದಿಗೆ ಹಲಗೆ ಜೋಡಿಸಿ ರಂಗ ಮಾಡಿದ್ದರು. ಅದರ ಹಿಂದಿನ ಕೋಣೆಯಲ್ಲಿ ಕೋಟು ಮೊಳೆಗೆ ತೂಗುತ್ತಿತ್ತು. ಛತ್ರದ ಅಡುಗೆಯವಳನ್ನೂ ಪಕ್ಕದ ಗಲ್ಲಿಯ ಚೀನೀ ದರ್ಜಿ ವುನನ್ನೂ ಪಂಚರಾಗಿ ಕರೆದರು.

"ಇಲಿ ಇರಬಹುದಾ?" ಅಂದ ಪಿಂಚೋವರ್.

"ಹರಿದ ಮೇಲೆ ಕೋಟನ್ನ ನೀಟಾಗಿ ಮೊಳೆಗೆ ಹಾಕೋ ಇಲಿ ಸಿಕ್ಕಿದ್ರೆ ನನ್ನ ಮನೆಗೆ ಕಳಿಸು."

ಟೌಸಿಗ್ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಲ ಎದೆಯ ರೇಷ್ಮೆ ಮಡಿಕೆ ಮೇಲಿನಿಂದ ಕೆಳಕ್ಕೆ ನಾಲ್ಕು ಬೆರಳಿನಷ್ಟು ಸೀಳಿತ್ತು. ಬ್ಲೇಡು ತಾಗಿದ್ದು ಮೊದಲ ಅರ್ಧ ಅಂಗುಲಕ್ಕೆ ಮಾತ್ರ, ಮುಂದಿನದನ್ನು ಕೈಯಿಂದ ಹರಿದಿದ್ದರು. ಬೆನ್ನು, ಬಾಲ, ಗುಂಡಿ ಎಲ್ಲ ಸರಿಯಾಗಿದ್ದವು. ಎರಡೂ ತೋಳುಗಳಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಅಡ್ಡಡ್ಡ ಸುಕ್ಕು.

ಪೋಲ್ಡಿಯ ಹೆಂಡತಿ ಕ್ಲಾರಾ ಅಲ್ಲೇ ಇದ್ದಳು.

"ಇಸ್ತ್ರಿ ಮಾಡಿದ್ದು ಯಾವಾಗ?"

"ನಿನ್ನೆ ಸಂಜೆ ಆರಕ್ಕೆ. ತೋಳಿನಲ್ಲಿ ಒಂದು ಗೆರೆ ಬಿಟ್ಟಿರಲಿಲ್ಲ, ಸಾಹೇಬ್ರೇ. ಆಣೆ ಮಾಡ್ಲಾ?"

"ಬೇಡ. ಆಮೇಲೆ ನಿಮ್ಮ ಗಂಡ ಹಾಕಿಕೊಂಡಿದ್ರಾ?"

"ಮುಟ್ಟೋಕೂ ಬಿಡ್ಲಿಲ್ಲ ನಾನು."

ಬಟ್ಟೆ ಅಂಗಡಿಯಲ್ಲಿ ಟೌಸಿಗ್ ಇಂಥ ಸುಕ್ಕುಗಳನ್ನು ಸಾವಿರ ನೋಡಿದ್ದ. ಗಿಡ್ಡ ಮನುಷ್ಯ ಉದ್ದ ಕೋಟು ತೊಟ್ಟು, ಕೈ ಹೊರಗೆ ಬರಲೆಂದು ತೋಳನ್ನು ಮೇಲಕ್ಕೆ ತಳ್ಳಿದಾಗ ಬೀಳುವ ಸುಕ್ಕು. ಹರಿದವನು ಕೋಟನ್ನು ತೊಟ್ಟುಕೊಂಡೇ ಹರಿದಿದ್ದ.

ಆ ಸೀಳು ಯಾವುದೆಂದೂ ಅವನಿಗೆ ಗೊತ್ತಾಯಿತು. ಅಡುಗೆಯವಳಿಗೂ ಗೊತ್ತಾಗಿತ್ತು, ಒಂದು ಹೆಜ್ಜೆ ಹಿಂದೆ ಸರಿದು, "ಸೂತಕದ ಸೀಳು" ಅಂದಳು. ಸತ್ತವರಿಗಾಗಿ ಬಟ್ಟೆ ಹರಿದುಕೊಳ್ಳುವುದು ಯೆಹೂದಿಗಳ ಪದ್ಧತಿ. ತಂದೆತಾಯಿ ಸತ್ತರೆ ಎಡಕ್ಕೆ. ಗಂಡ ಹೆಂಡತಿ ಮಕ್ಕಳು ಒಡಹುಟ್ಟಿದವರು ಸತ್ತರೆ ಬಲಕ್ಕೆ. ನಿಂತುಕೊಂಡು, ತೊಟ್ಟ ಬಟ್ಟೆಯನ್ನೇ, ಒಂದು ಹಿಡಿಯಷ್ಟು.

"ಪಂಚನಾಮೆಯಲ್ಲಿ ಬರೀಲಾ?" ಪಿಂಚೋವರ್ ಕೇಳಿದ.

"ಸೀಳು ಬಲಕ್ಕೆ ಅಂತ ಬರಿ. ಅಷ್ಟು ಸಾಕು."

೧೧ ಗಂಟೆಗೆ ಗಾಯಕಿ ಮೆಲಿಟ್ಟಾ ಸೋರ್ಗರ್‌ಳ ವಿಚಾರಣೆ. ಅದೇ ಹೋಟೆಲಿನ ಕೆಲಸಕ್ಕೆ ಅವಳೂ ಹಾಡಿ ತೋರಿಸಿ ಬಂದಿದ್ದಳು. ಕಟ್ಟುಮಸ್ತು ಹೆಂಗಸು, ಕೋಟಿನ ತೋಳು ಅವಳ ಭುಜಕ್ಕೇ ಸಿಕ್ಕಿಕೊಳ್ಳುವಂತಿತ್ತು.

"ನಿಮಗೆ ಹೊಟ್ಟೆಕಿಚ್ಚು ಇತ್ತಾ?"

"ಇತ್ತು. ಈಗಲೂ ಇದೆ. ಅವನು ಅಲ್ಲಿ ಬೆಣ್ಣೆ ತಿಂತಾನೆ, ನಾನು ಇಲ್ಲಿ ಟರ್ನಿಪ್ ಸಾರು ಕುಡೀತೀನಿ. ಕಿಚ್ಚು ಇಲ್ಲ ಅಂದ್ರೆ ನಂಬ್ತೀರಾ?"

"ಕೋಟು ಹರಿದಿದ್ದು ನೀವಾ?"

"ನಾನು ಹರಿದಿದ್ರೆ ಹಿಂದುಗಡೆ ಹರೀತಿದ್ದೆ. ಬಗ್ಗಿದಾಗ ಗೊತ್ತಾಗ್ಲಿ ಅಂತ."

"ನಿನ್ನೆ ಸಂಜೆ ಆ ಕೋಣೆಗೆ ಯಾರು ಹೋದ್ರು?"

"ಬೀಗ್ಲರ್. ಅವನು ಹೋಗದಿದ್ರೆ ಇನ್ಯಾರು ಹೋಗ್ತಾರೆ? ಇಪ್ಪತ್ತೆರಡು ವರ್ಷದ ಜೋಡಿ. ಅವರು ಗಂಡ ಹೆಂಡಿರಾಗಿದ್ರೆ ಇಷ್ಟು ದಿನ ಬಾಳ್ತಿರಲಿಲ್ಲ."

ಯೊನಾಸ್ ಬೀಗ್ಲರ್ ಪೋಲ್ಡಿಯ ರಂಗದ ಜೊತೆಗಾರ. ಐದಡಿ ಎರಡಂಗುಲ. ವಿಯೆನ್ನಾದ ಪದ್ಧತಿಯಂತೆ ಇಬ್ಬರು ಪರದೆಯ ಮುಂದೆ ನಿಂತು ಮಾತಿಗೆ ಮಾತು ಕೊಡುವ ಆಟ ಅವರದು. ಬೀಗ್ಲರ್ ಬುದ್ಧಿವಂತ, ಪೋಲ್ಡಿ ದಡ್ಡ. ಬುದ್ಧಿವಂತ ವಿವರಿಸುತ್ತಾನೆ, ದಡ್ಡ ತಪ್ಪು ತಿಳಿಯುತ್ತಾನೆ, ಜನ ದಡ್ಡನಿಗೆ ನಗುತ್ತಾರೆ. ಎಲ್ಲ ಮಾತನ್ನೂ ಬರೆಯುತ್ತಿದ್ದವನು ಬೀಗ್ಲರ್.

ಮಧ್ಯಾಹ್ನ ೩ ಗಂಟೆ ೧೦ಕ್ಕೆ ಟೌಸಿಗ್ ಅವನ ಕೋಣೆಯ ಬಾಗಿಲು ತಟ್ಟಿದ. ಕೋಣೆಯಲ್ಲಿ ಒಳ್ಳೆಯ ಕುರ್ಚಿಯೊಂದು ಖಾಲಿ ಇತ್ತು. ಬೀಗ್ಲರ್ ಕವುಚಿಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದ. ಬೂಟುಗಳು ಗೋಡೆಯ ಪಕ್ಕದಲ್ಲಿದ್ದವು, ಕಾಲಲ್ಲಿ ಬರೀ ಕಾಲುಚೀಲ. ದಿನಕ್ಕೆರಡು ಸಲ ಗಡ್ಡ ಕೆರೆಯುವ ನಟ ಅಂದು ಕೆರೆದಿರಲಿಲ್ಲ. ಏಳು ದಿನದ ಸೂತಕ ಕೂತವನು ಇರಬೇಕಾದ ರೀತಿ ಅದು.

ಟೌಸಿಗ್ ಕುರ್ಚಿಯಲ್ಲಿ ಕುಳಿತ.

"ಯಾರು ಸತ್ತಿದ್ದು, ಬೀಗ್ಲರ್?"

"ತಮ್ಮ."

"ಹೆಸರು?"

ಬೀಗ್ಲರ್ ಕಾಲುಚೀಲವನ್ನು ಮೇಲಕ್ಕೆ ಎಳೆದುಕೊಂಡ.

"ಸುದ್ದಿ ಎಲ್ಲಿಂದ ಬಂತು?"

"ಸಾರಿನ ಸಾಲಿನಲ್ಲಿ. ಸೋಮವಾರ. ನನ್ನ ಮುಂದೆ ನಿಂತಿದ್ದವನು ತಿರುಗಿ ಹೇಳ್ದ, 'ನಿನ್ನ ಪೋಲ್ಡಿಗೆ ಬಿಲ್ಲೆ ಬಂತಂತೆ, ಒಬ್ಬನೇ ಹೋಗ್ತಾನಂತೆ' ಅಂತ. ನಾನು ತಟ್ಟೆ ಹಿಡಿದುಕೊಂಡು, 'ಹೌದು ಹೌದು, ಗೊತ್ತು' ಅಂದೆ."

"ಕೋಟು ಅವನದು. ಸೂತಕದವನು ತನ್ನ ಬಟ್ಟೆ ಹರೀಬೇಕು."

"ನಮ್ಮಿಬ್ಬರದು. ಹಡಗಿನಲ್ಲಿ ಒಂದೇ ಪೆಟ್ಟಿಗೆಯಲ್ಲಿ ತಂದಿದ್ದು. ಬಲಗಡೆ ಅರ್ಧ ನನ್ನದು."

ಪಿಂಚೋವರ್ ನಗು ತಡೆಯಲಾರದೆ ಕೆಮ್ಮಿದ. ಟೌಸಿಗ್ ನಗಲಿಲ್ಲ.

"ಒಂದು ಮಾತು ಕೇಳ್ತೀನಿ. ನಿಮ್ಮ ಸ್ವಂತ ಅಣ್ಣ ವಿಯೆನ್ನಾದಲ್ಲಿ ಉಳಿದ್ರಲ್ಲ?"

"ಉಳಿದ. ಪತ್ರ ನಿಂತು ಎರಡು ವರ್ಷ."

"ಅವರಿಗೆ ಹರಿದ್ರಾ?"

"ಹೇಗೆ ಹರೀಲಿ? ಸತ್ತ ಅಂತ ಯಾರು ಹೇಳಿದ್ದಾರೆ?"

"ನನ್ನ ತಂಗಿಯನ್ನೂ ನಾತ್ಸಿಗಳು ರೈಲು ಹತ್ತಿಸಿದ್ರು. ನಾನೂ ಹರಿದಿಲ್ಲ. ಈ ಗಲ್ಲಿಯಲ್ಲಿ ಯಾರೂ ಹರಿದಿಲ್ಲ. ಕಣ್ಣೆದುರಿಗೆ ಓಡಾಡ್ತಿರೋನಿಗೆ ನೀವು ಸೂತಕ ಕೂತಿದ್ದೀರಿ." ಟೌಸಿಗ್‌ನ ದನಿ ಏರಿತು. ತನಗೆ ಬಂದದ್ದು ಬರೀ ಸಿಟ್ಟಲ್ಲ ಎಂದು ಅವನಿಗೆ ಆಗಲೇ ತಿಳಿಯಿತು. ಇಂಥವನಿಗಾಗಿ, ಇಂಥ ದಿನ ಎಂದು ನಿಶ್ಚಯಿಸಿಕೊಂಡು ನೆಲಕ್ಕೆ ಕೂರಲು ಈ ಗಿಡ್ಡನಿಗೆ ಒಬ್ಬನಾದರೂ ಸಿಕ್ಕಿದ್ದ. ಟೌಸಿಗ್‌ಗೆ ಅದಕ್ಕೂ ಹೊಟ್ಟೆಕಿಚ್ಚು.

ಬೀಗ್ಲರ್ ತಲೆ ತಗ್ಗಿಸಿದ. "ಆ ರಷ್ಯನ್ ಮಾಲೀಕನಿಗೆ ಜರ್ಮನ್ ಬರಲ್ಲ, ಇನ್ಸ್‌ಪೆಕ್ಟ್ರೇ. ಮಾತು ಬೇಡ, ಮುಖ ಸಾಕು ಅಂದನಂತೆ. ಇಪ್ಪತ್ತೆರಡು ವರ್ಷ ನಗುವನ್ನ ನಾನು ಬೇಯಿಸ್ದೆ, ಬಡಿಸ್ದೋನು ಅವನು. ಈಗ ತಪ್ಪಲೆ ಬೇಡ, ಸೌಟು ಮಾತ್ರ ಬರಲಿ ಅಂತಾರೆ."

"ಅವನನ್ನ ಕೇಳಬಹುದಿತ್ತು."

"ಅವನು ಹೇಳಬಹುದಿತ್ತು."

ಹೇಳಿಕೆಗೆ ಸಹಿ ಬಿತ್ತು. ೩ ಗಂಟೆ ೫೫.

ಬೀಗ್ಲರ್‌ನನ್ನು ಚೌಕಿಗೆ ಕರೆತಂದ ಮೇಲೆ ಪಿಂಚೋವರ್ ದನಿ ತಗ್ಗಿಸಿ ಕೇಳಿದ, "ದೊಡ್ಡ ಠಾಣೆಗೆ ಕಳಿಸಬೇಕಾ?" ದೊಡ್ಡ ಠಾಣೆಯ ಲಾಕಪ್ಪಿನಲ್ಲಿ ಹೇನಿನಿಂದ ಜ್ವರ ಹಬ್ಬಿತ್ತು, ಆ ತಿಂಗಳು ಒಳಗೆ ಹೋದವರಲ್ಲಿ ಮೂವರು ಹೆಣವಾಗಿ ಬಂದಿದ್ದರು. ಕಳಿಸದೆ ಬಿಟ್ಟರೆ ಪೋಲ್ಡಿಯ ಕಾಗದಕ್ಕೆ ಬೆಲೆಯಿಲ್ಲ.

ಅಷ್ಟರಲ್ಲಿ ಪೋಲ್ಡಿಯೇ ಬಂದ. ಹರಿದವನ ಹೆಸರು ಕೇಳಿ ಬಾಗಿಲ ಕಂಬಕ್ಕೆ ಒರಗಿದ.

"ದೂರು ವಾಪಸ್ ತಗೋತೀನಿ."

"ಆಗ ಬಿಲ್ಲೆ ಹೋಗುತ್ತೆ."

ಪೋಲ್ಡಿ ಬಿಲ್ಲೆಯನ್ನು ನೋಡಿದ, ಒಳಗಿದ್ದ ಜೊತೆಗಾರನನ್ನು ನೋಡಿದ. ಬಿಲ್ಲೆ ಬಿಚ್ಚಲು ಪಿನ್ನಿಗೆ ಕೈ ಹಾಕಿದ. ಕೈ ಪಿನ್ನನ್ನು ಬಿಚ್ಚಲೂ ಇಲ್ಲ, ಕೆಳಗೆ ಇಳಿಯಲೂ ಇಲ್ಲ. ಟೌಸಿಗ್‌ಗೆ ಅಷ್ಟು ನೋಡಿದ್ದು ಸಾಕಾಯಿತು.

"ಕೈ ತೆಗೀರಿ," ಅಂದ. ವರದಿಯಲ್ಲಿ ಬರೆದ: 'ನಷ್ಟ: ನಾಲ್ಕು ಬೆರಳು ರೇಷ್ಮೆ. ಕ್ಷುಲ್ಲಕ ಅಪರಾಧ. ಆರೋಪಿ ಒಪ್ಪಿಕೊಂಡಿದ್ದಾನೆ. ಬಂಧಿಸಲಾಗಿದೆ.' ಕ್ಷುಲ್ಲಕ ಅಪರಾಧಕ್ಕೆ ಚೌಕಿಯಲ್ಲೇ ಏಳು ದಿನದವರೆಗೆ ಕೂಡಿಡುವ ಅಧಿಕಾರ ಅವನಿಗಿತ್ತು. ಬೀಗ್ಲರ್‌ನನ್ನು ಕೂಡಿಡಲು ಕಲ್ಲಿದ್ದಲ ಕೋಣೆಯನ್ನು ಗುಡಿಸಿಸಿದ. "ಏಳು ದಿನ. ಸೂತಕಕ್ಕೂ ಸರಿಹೋಗುತ್ತೆ." ಕಾಗದಕ್ಕೆ ಮೊಹರು ಹಾಕಿ ಪೋಲ್ಡಿಯ ಕೈಗಿತ್ತ. ಕೋಟು ದರ್ಜಿ ವುನ ಅಂಗಡಿಗೆ ಹೋಯಿತು.

೫ ಗಂಟೆ ೪೦ಕ್ಕೆ ಪೋಲ್ಡಿ ಮತ್ತೆ ಬಂದ. ಕರವಸ್ತ್ರದಲ್ಲಿ ಸುತ್ತಿದ ಒಂದು ಬೇಯಿಸಿದ ಮೊಟ್ಟೆ ತಂದಿದ್ದ. ಸೂತಕದವನು ಮೊದಲ ಊಟಕ್ಕೆ ತನ್ನದನ್ನು ತಿನ್ನುವಂತಿಲ್ಲ. ನೆರೆಯವರು ತರಬೇಕು, ಗುಂಡಗಿನದನ್ನೇ ತರಬೇಕು. ಛತ್ರದಲ್ಲಿ ತಿಂಗಳಿಂದ ಯಾರೂ ಮೊಟ್ಟೆ ಕಂಡಿರಲಿಲ್ಲ. ಅದನ್ನು ಎಲ್ಲಿಂದ ತಂದನೋ, ಟೌಸಿಗ್ ವಿಚಾರಿಸಲಿಲ್ಲ.

ಕಲ್ಲಿದ್ದಲ ಕೋಣೆಯ ಬಾಗಿಲ ಸಂದಿಯಿಂದ ಕೈ ಒಳಗೆ ಹೋಯಿತು.

"ಯಾರದು?" ಬೀಗ್ಲರ್‌ನ ದನಿ.

"ಹೆಣ."

ಒಳಗಿನ ಕೈ ಮೊಟ್ಟೆಯನ್ನು ತೆಗೆದುಕೊಂಡಿತು.

"ಹೆಣ ಮೊಟ್ಟೆ ತರಬಾರದು ಕಣೋ. ಹೆಣಕ್ಕೆ ಬೇರೆ ಕೆಲಸ ಇರುತ್ತೆ."

"ಏನು ಕೆಲಸ?"

"ಮಲಗೋದು."

"ಸಂಬಳ ಎಷ್ಟು ಕೊಡ್ತಾರೆ?"

ಪಿಂಚೋವರ್ ಬರೆಯುವುದನ್ನು ನಿಲ್ಲಿಸಿ ನಕ್ಕ. ದನಿ ದಡ್ಡನದೇ. ಒಳಗೆ ಮೊಟ್ಟೆಯ ಸಿಪ್ಪೆ ಒಡೆದ ಸದ್ದು ಕೇಳಿಸಿತು, ಹಿಂದೆಯೇ ಬುದ್ಧಿವಂತ ತಾಳ್ಮೆಯಿಂದ ವಿವರಿಸತೊಡಗಿದ.

ಟೌಸಿಗ್ ಕಡತ ಎಳೆದುಕೊಂಡ. 'ಪ್ರೇರಣೆ' ಎಂಬ ಅಂಕಣದಲ್ಲಿ ಮೊದಲು 'ಹೊಟ್ಟೆಕಿಚ್ಚು' ಎಂದು ಬರೆದ. ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳುತ್ತ ಕುಳಿತ. ಆಮೇಲೆ ಅದರ ಕೆಳಗೆ, ಪಿಂಚೋವರ್‌ನ ಅಕ್ಷರದಷ್ಟು ಚೆನ್ನಾಗಿಲ್ಲದ ತನ್ನ ಕೈಬರಹದಲ್ಲಿ ಇನ್ನೊಂದು ಸಾಲು ಸೇರಿಸಿದ: 'ಆರೋಪಿಗೆ ಸುದ್ದಿ ಮೊದಲು ತಿಳಿದದ್ದು ಬೇರೆಯವರ ಬಾಯಿಂದ.'